ವಚನಾಧ್ಯಯನದಲ್ಲಿ ಗಣಕಯಂತ್ರದ ಸ್ಥಾನ

ವಿದ್ಯೆಯ ಸಾಧನಗಳು ಬದಲಾದಾಗಲೆಲ್ಲ ವಿದ್ಯೆಯೇ ಉದ್ಧಾರವಾಯಿತೆಂದು ಹರ್ಷಿಸುವವರೂ, ವಿದ್ಯೆಯೇ ಹಾಳಾಯಿತೆಂದು ಮರುಗುವವರೂ ಸಮಾಜದಲ್ಲಿ ಕಾಣಸಿಗುತ್ತಾರೆ. ಇಬ್ಬರೂ ಸಾಧನವನ್ನು ನೋಡುತ್ತಾರೆಯೇ ಹೊರತು, ಅದನ್ನು ಹಿಡಿದ ಕೈಯನ್ನು ನೋಡುವುದಿಲ್ಲ. ಇಂದು ಗಣಕಯಂತ್ರ, ಮೊಬೈಲು, ಅಂತರ್ಜಾಲಗಳು ಪಾಠಶಾಲೆಯ ಬಾಗಿಲನ್ನು ದಾಟಿ ಒಳಬಂದಿವೆ. ಮಠಗಳ ಪ್ರಸಾದನಿಲಯಗಳಲ್ಲಿ ಓದಿ ದೊಡ್ಡವರಾದ ಹಳೆಯ ವಿದ್ಯಾರ್ಥಿಗಳು ತಂದೆತಾಯಿಗಳ ಸ್ಮರಣಾರ್ಥವಾಗಿ ಶಾಲೆಗಳಿಗೆ ಯಂತ್ರಗಳನ್ನು ದಾನ ಮಾಡಲು ಮುಂದೆ ಬರುತ್ತಿದ್ದಾರೆ. ಅವರ ಭಕ್ತಿ ಸ್ತುತ್ಯವಾದುದು. ಆದರೆ ಆ ದಾನ ಸತ್ಫಲವನ್ನು ಕೊಡುವುದು ಯಾವಾಗ, ನಿಷ್ಫಲವಾಗುವುದು ಯಾವಾಗ ಎಂಬುದನ್ನು ವಿಚಾರಿಸುವುದು ದಾನಿಗಳಿಗೂ, ಅದನ್ನು ಸ್ವೀಕರಿಸುವವರಿಗೂ ಹಿತಕರ. ವಿಷಯ ವಿಶಾಲವಾದುದರಿಂದ ನಮಗೆಲ್ಲ ಹತ್ತಿರವಾದ ಒಂದೇ ಕ್ಷೇತ್ರವನ್ನು, ಅಂದರೆ ವಚನ ಸಾಹಿತ್ಯದ ಅಧ್ಯಯನ ಮತ್ತು ಅಧ್ಯಾಪನವನ್ನು, ಇಲ್ಲಿ ಪರೀಕ್ಷೆಗೆ ಎತ್ತಿಕೊಳ್ಳಲಾಗಿದೆ.

ವಚನಗಳು ನಮ್ಮ ಕೈಸೇರಿದ ಬಗೆಯನ್ನು ಮೊದಲು ನೆನೆಯೋಣ. ಶತಮಾನಗಳ ಕಾಲ ಅವು ಓಲೆಗರಿಗಳಲ್ಲಿಯೂ, ಶರಣರ ಕಂಠಗಳಲ್ಲಿಯೂ ಉಳಿದುಬಂದವು. ವಿಜಯಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದ ಫ. ಗು. ಹಳಕಟ್ಟಿಯವರು ಊರೂರು ಅಲೆದು, ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅನಂತರ ಅನೇಕ ವಿದ್ವಾಂಸರ ಪರಿಶ್ರಮದ ಫಲವಾಗಿ, ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, ಕರ್ನಾಟಕ ಸರ್ಕಾರವು 1993ರಲ್ಲಿ ‘ಸಮಗ್ರ ವಚನ ಸಂಪುಟ’ವನ್ನು 15 ಸಂಪುಟಗಳಲ್ಲಿ ಹೊರತಂದಿತು. ಈಚಿನ ವರ್ಷಗಳಲ್ಲಿ ಕನ್ನಡದ ಉತ್ಸಾಹಿ ತರುಣರು ‘ವಚನ ಸಂಚಯ’ ಎಂಬ ಅಂತರ್ಜಾಲ ಭಂಡಾರವನ್ನು ಕಟ್ಟಿ, 20,000ಕ್ಕೂ ಮಿಕ್ಕ ವಚನಗಳನ್ನು ಯಾರು ಬೇಕಾದರೂ ಮೂಲ್ಯವಿಲ್ಲದೆ ಓದುವಂತೆ, ಒಂದು ಶಬ್ದವನ್ನು ಕೊಟ್ಟರೆ ಅದು ಬಂದಿರುವ ವಚನಗಳನ್ನೆಲ್ಲ ಹುಡುಕಿಕೊಳ್ಳುವಂತೆ ಮಾಡಿದ್ದಾರೆ. ಓಲೆಗರಿಯಿಂದ ಅಚ್ಚಿಗೆ, ಅಚ್ಚಿನಿಂದ ಗಣಕಕ್ಕೆ ಬಂದ ಈ ಪಯಣವೂ ಒಂದು ದಾಸೋಹವೇ ಸರಿ.

ಇದರ ಪ್ರಯೋಜನವನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಹಿಂದೆ ಹದಿನೈದು ಸಂಪುಟಗಳು ಇದ್ದ ಗ್ರಂಥಾಲಯವನ್ನು ಹುಡುಕಿಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಗಿದ್ದ ಹಳ್ಳಿಯ ವಿದ್ಯಾರ್ಥಿ ಇಂದು ತನ್ನ ಊರಿನಲ್ಲಿಯೇ ಅವುಗಳ ಪಾಠವನ್ನು ನೋಡಬಲ್ಲ. ಅದಕ್ಕಿಂತಲೂ ಹಿರಿದಾದ ಲಾಭವೊಂದುಂಟು. ಅದು ಸತ್ಯಶೋಧನೆಯ ಲಾಭ. ಕಾಯಕವನ್ನು ಕೈಲಾಸಕ್ಕೆ ಸಮನಾಗಿಸಿದ ಪ್ರಸಿದ್ಧ ನುಡಿಯನ್ನು ವೇದಿಕೆಗಳ ಮೇಲೆಯೂ, ಗೋಡೆಗಳ ಮೇಲೆಯೂ ಬಸವಣ್ಣನವರ ಹೆಸರಿನಲ್ಲಿ ಕಾಣುವುದು ವಾಡಿಕೆ. ಸಂಪುಟವನ್ನು ಹುಡುಕಿ ನೋಡಿದರೆ, ಆ ನುಡಿ ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ, ‘ಅಮರೇಶ್ವರಲಿಂಗ’ ಎಂಬ ಅಂಕಿತದೊಡನೆ. ಇದರಿಂದ ಬಸವಣ್ಣನವರಿಗೆ ಕುಂದೇನೂ ಇಲ್ಲ. ಅಕ್ಕಿಯನ್ನು ಆಯ್ದು ಬದುಕಿದ ಶರಣನೊಬ್ಬನ ಬಾಯಿಂದ ಆ ಮಾತು ಬಂದಿತೆಂದರೆ ಅದರ ತೂಕ ಇನ್ನೂ ಹೆಚ್ಚುತ್ತದೆ. ಹತ್ತನೆಯ ತರಗತಿಯ ಬಾಲಕನೊಬ್ಬ ಇಂಥದನ್ನು ತಾನೇ ಕಂಡುಕೊಂಡನೆಂದರೆ, ಕೇಳಿದ್ದನ್ನೆಲ್ಲ ನಂಬದೆ ಮೂಲವನ್ನು ನೋಡಬೇಕೆಂಬ ಸಂಸ್ಕಾರ ಅವನಲ್ಲಿ ಮೂಡುತ್ತದೆ. ಅದು ಯಂತ್ರದಿಂದ ದೊರೆತ ಒಳ್ಳೆಯ ವಿದ್ಯೆಯಲ್ಲದೆ ಮತ್ತೇನು?

ಆದರೆ ಇಷ್ಟಕ್ಕೇ ತೃಪ್ತರಾಗುವಂತಿಲ್ಲ. ಯಂತ್ರ ಬಲ್ಲುದು ಅಕ್ಷರವನ್ನು, ಅರ್ಥವನ್ನಲ್ಲ. ಇದನ್ನು ಒಂದು ದೃಷ್ಟಾಂತದಿಂದ ವಿಶದಪಡಿಸಬಹುದು. ಬರಿಯ ಅಕ್ಷರಸರಣಿಯನ್ನು ಹೋಲಿಸುವ ಯಂತ್ರಕ್ಕೆ ‘ಕಾಯಕ’ ಎಂಬ ಪದವನ್ನು ಕೊಟ್ಟರೆ ಅದು ‘ಕಾಯಕ್ಕೆ’ ಎಂಬ ರೂಪವನ್ನೂ ಎತ್ತಿ ತರುತ್ತದೆ. ಏಕೆಂದರೆ ಗಣಕದ ಸಂಕೇತವ್ಯವಸ್ಥೆಯಲ್ಲಿ ‘ಕಾಯಕ್ಕೆ’ ಎಂಬುದರ ಮೊದಲ ಸಂಕೇತಗಳೂ ಅವೇ. ಒತ್ತಕ್ಷರದ ಗುರುತು ಅವುಗಳ ಅನಂತರ ಬರುತ್ತದೆ. ಒಂದು ದುಡಿಮೆ, ಇನ್ನೊಂದು ದೇಹಕ್ಕೆ ಹತ್ತಿದ ವಿಭಕ್ತಿ. ಯಂತ್ರಕ್ಕೆ ಎರಡೂ ಸಮ. ಅಂತೆಯೇ ‘ಅರಿವೆ’ ಎಂದರೆ ನಮ್ಮ ಕಡೆ ಬಟ್ಟೆ; ‘ಅರಿವು’ ಎಂಬುದಕ್ಕೆ ಅವಧಾರಣೆಯ ಪ್ರತ್ಯಯ ಸೇರಿದರೂ ಹಳೆಯ ಬರವಣಿಗೆಯಲ್ಲಿ ‘ಅರಿವೆ’ಯೇ. ಇವೆರಡನ್ನೂ ಬೇರ್ಪಡಿಸಬೇಕಾದವನು ಓದುಗ. ಇದಕ್ಕೆ ಪ್ರತಿಯಾಗಿ, ‘ಶೂನ್ಯ’ ಎಂಬುದನ್ನು ಹುಡುಕಿದವನಿಗೆ ‘ಬಯಲು’, ‘ನಿರವಯ’ ಎಂಬ ಮಾತುಗಳಿಂದ ಅದೇ ತತ್ತ್ವವನ್ನು ಸಾರಿದ ವಚನಗಳು ಕಾಣಿಸುವುದೇ ಇಲ್ಲ. ಬೆಡಗಿನ ವಚನಗಳ ಮಾತಂತೂ ದೂರವೇ ಉಳಿಯಿತು. ಅಲ್ಲಿ ಸರ್ಪ ಸರ್ಪವಲ್ಲ, ಕಪ್ಪೆ ಕಪ್ಪೆಯಲ್ಲ. ಟೀಕಾಕಾರರ ಪರಂಪರೆಯನ್ನು ಬಲ್ಲ ಗುರುವಿಲ್ಲದೆ ಆ ಬೀಗ ತೆರೆಯದು.

ಇಲ್ಲಿ ಒಂದು ಸೂಕ್ಷ್ಮವನ್ನು ವಾಚಕರು ಗಮನಿಸಬೇಕು. ‘ಕಾಯಕ’ವನ್ನು ಕೇಳಿದರೆ ‘ಕಾಯಕ್ಕೆ’ ಬಂದುದು ಯಂತ್ರದ ದೋಷವೇ ಹೌದು. ಆದರೆ ಕುಶಲನಾದ ಅಧ್ಯಾಪಕ ಅದನ್ನು ತಳ್ಳಿಹಾಕದೆ, “ಈ ಎರಡು ಪದಗಳಿಗೂ ಸಂಬಂಧವುಂಟೇ?” ಎಂದು ಮಕ್ಕಳನ್ನು ಪ್ರಶ್ನಿಸುತ್ತಾನೆ. ಕಾಯದಿಂದ ಮಾಡುವುದು ಕಾಯಕ. ದೇಹಶ್ರಮವನ್ನು ಹೀನವೆಂದೆಣಿಸಿದ ಕಾಲದಲ್ಲಿ ಶರಣರು ದೇಹದ ದುಡಿಮೆಯನ್ನೇ ಶಿವಪಥವಾಗಿಸಿದರು ಎಂಬ ಮಹತ್ವದ ಪಾಠಕ್ಕೆ ಆ ದೋಷವೇ ಬಾಗಿಲಾಗುತ್ತದೆ. ಹುರಿ ಹೊಸೆದ ನುಲಿಯ ಚಂದಯ್ಯ, ಕಟ್ಟಿಗೆ ಮಾರಿದ ಮೋಳಿಗೆಯ ಮಾರಯ್ಯ, ದೋಣಿ ನಡೆಸಿದ ಅಂಬಿಗರ ಚೌಡಯ್ಯ ಇವರೆಲ್ಲರ ಬದುಕು ಅಲ್ಲಿಂದ ಮುಂದೆ ಪಾಠವಾಗಿ ಬೆಳೆಯುತ್ತದೆ. ಅಧ್ಯಾಪಕನಿಲ್ಲದಿದ್ದರೆ ಅದೇ ದೋಷ ಬಾಲಕನನ್ನು ಗೊಂದಲಕ್ಕೆ ಕೆಡಹುತ್ತದೆ. ಹೀಗೆ ಒಂದೇ ಯಂತ್ರ, ಒಂದೇ ಫಲಿತ. ಆದರೆ ವಿದ್ಯೆಯಲ್ಲಿ ಅಜಗಜಾಂತರ.

ಇನ್ನೊಂದು ಕೊರತೆ ಇದಕ್ಕಿಂತ ಆಳವಾದುದು. ವಚನಗಳನ್ನು ನಮ್ಮ ಪೂರ್ವಿಕರು ಬಿಡಿಬಿಡಿಯಾಗಿ ಓದಿದವರಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಷಟ್‌ಸ್ಥಲಗಳ ಕ್ರಮದಲ್ಲಿ ಅವುಗಳನ್ನು ಜೋಡಿಸಿ ಸ್ಥಲಕಟ್ಟಿನ ಸಂಕಲನಗಳನ್ನು ಸಿದ್ಧಪಡಿಸಿದರು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ‘ಶೂನ್ಯಸಂಪಾದನೆ’ಯಲ್ಲಿ ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿದನು. ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯ ವಚನ ಅಲ್ಲಿ ಪ್ರಭುದೇವರ ಕಠಿಣ ಪ್ರಶ್ನೆಗೆ ಉತ್ತರವಾಗಿ ನಿಲ್ಲುತ್ತದೆ. ಆ ಪ್ರಶ್ನೆಯನ್ನು ಕಳೆದು ಉತ್ತರವನ್ನಷ್ಟೇ ಓದಿದವನಿಗೆ ಸೊಗಸು ದೊರೆಯಬಹುದು, ಆದರೆ ಅದರ ಹಿಂದಿನ ಪರೀಕ್ಷೆಯ ಉರಿ ತಾಗುವುದಿಲ್ಲ. ಭಕ್ತಸ್ಥಲದಲ್ಲಿ ‘ಭಕ್ತಿ’ ಎಂಬ ಪದ ಹೊರುವ ಅರ್ಥವೇ ಬೇರೆ, ಐಕ್ಯಸ್ಥಲದಲ್ಲಿ ಅದು ಹೊರುವ ಅರ್ಥವೇ ಬೇರೆ. ಗಣಕದ ತೆರೆಯ ಮೇಲೆ ಅವೆರಡೂ ಒಂದರ ಕೆಳಗೊಂದು ಸಾಲಾಗಿ ನಿಲ್ಲುತ್ತವೆ. ಮೆಟ್ಟಿಲುಗಳ ಏರಿಳಿತ ಅಳಿದು ಎಲ್ಲವೂ ಸಮತಟ್ಟಾಗುತ್ತದೆ. ಇದು ಭಂಡಾರವನ್ನು ಕಟ್ಟಿದವರ ತಪ್ಪಲ್ಲ, ಭಂಡಾರದ ಸ್ವಭಾವ. ನಿಘಂಟು ಕಾವ್ಯವಲ್ಲದಂತೆ ಭಂಡಾರವೂ ಪಾಠವಲ್ಲ.

ಈಚೆಗೆ ತಲೆದೋರಿರುವ ಅಪಾಯವನ್ನೂ ಹೇಳದಿದ್ದರೆ ಕರ್ತವ್ಯಲೋಪವಾದೀತು. ಕೃತಕ ಬುದ್ಧಿಮತ್ತೆ ಎಂದು ಕರೆಯಲಾಗುವ ಯಂತ್ರಗಳು ಕೇಳಿದೊಡನೆ ಉತ್ತರವನ್ನು ಹೆಣೆದು ಕೊಡುತ್ತವೆ. ಅವು ಪೂರ್ವದಲ್ಲಿ ಓದಿದ ಬರಹಗಳ ಜಾಡನ್ನನುಸರಿಸಿ ಮುಂದೆ ಬರಬಹುದಾದ ಮಾತನ್ನು ಊಹಿಸಿ ಪೋಣಿಸುತ್ತವೆಯೇ ಹೊರತು, ಪ್ರತಿಯೊಂದು ಮಾತನ್ನೂ ಮೂಲಗ್ರಂಥದೊಡನೆ ತಾಳೆ ನೋಡಿ ಹೇಳುವಂಥವಲ್ಲ. ಆದಕಾರಣ ಯಾವ ಶರಣರೂ ನುಡಿಯದ ಮಾತಿಗೆ ‘ಕೂಡಲಸಂಗಮದೇವ’ ಎಂಬ ಅಂಕಿತವನ್ನು ಹಚ್ಚಿ, ಬಸವಣ್ಣನವರ ವಚನವೆಂದು ಅವು ನೀಡಬಲ್ಲವು. ಹುಡುಕುವ ಯಂತ್ರವೇ ಬೇರೆ, ಹೆಣೆಯುವ ಯಂತ್ರವೇ ಬೇರೆ. ಮೊದಲನೆಯದು ಇದ್ದುದನ್ನು ತೋರಿಸುತ್ತದೆ; ಎರಡನೆಯದು ಇಲ್ಲದ್ದನ್ನೂ ಇದೆಯೆಂಬಂತೆ ತೋರಿಸಬಲ್ಲುದು. ಅಂಕಿತವೆಂಬುದು ಶರಣನು ತನ್ನ ಇಷ್ಟದೈವದ ಸಾಕ್ಷಿಯಲ್ಲಿ ನುಡಿಗೆ ಒತ್ತಿದ ಮುದ್ರೆ. ಆ ಮುದ್ರೆ ಸುಳ್ಳು ಮಾತಿನ ಮೇಲೆ ಬೀಳುವುದನ್ನು ಕಂಡೂ ನಾವು ಸುಮ್ಮನಿದ್ದರೆ, ಹಳಕಟ್ಟಿಯವರಂಥವರು ಮನೆಮಠ ಮರೆತು ಉಳಿಸಿದ ನಿಧಿ ನಮ್ಮ ಕಣ್ಣೆದುರಿನಲ್ಲಿಯೇ ಕಲಬೆರಕೆಯಾಗುತ್ತದೆ. ಸಾಮಾಜಿಕ ಜಾಲಗಳಲ್ಲಿ ಬಂದ ವಚನವನ್ನು ಸಂಪುಟದೊಡನೆ ತಾಳೆ ನೋಡದೆ ಮತ್ತೊಬ್ಬರಿಗೆ ಕಳುಹಿಸದಿರುವುದು ಇಂದಿನ ಭಕ್ತನ ಒಂದು ನಿಯಮವಾಗಬೇಕು.

ಯಂತ್ರವೂ ಅಧ್ಯಾಪಕನೂ ಕೂಡಿದಾಗ ಏನಾಗುತ್ತದೆ, ಯಂತ್ರವೊಂದೇ ಬಂದಾಗ ಏನಾಗುತ್ತದೆ ಎಂಬುದು ವಚನಗಳಿಗಷ್ಟೇ ಸೀಮಿತವಾದ ಪ್ರಶ್ನೆಯಲ್ಲ. ಅನ್ಯತ್ರ ನಡೆದ ಎರಡು ಪರೀಕ್ಷೆಗಳು ಇದಕ್ಕೆ ಸಾಕ್ಷಿ ನುಡಿಯುತ್ತವೆ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಹಳ್ಳಿಯ ಶಾಲೆಗಳ ಮಕ್ಕಳಿಗೆ ತಲೆಗೊಂದರಂತೆ ಚಿಕ್ಕ ಗಣಕಯಂತ್ರಗಳನ್ನು ಹಂಚಲಾಯಿತು. 319 ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ವರದಿಯಂತೆ, ಸುಮಾರು 15 ತಿಂಗಳ ಬಳಿಕವೂ ಗಣಿತ ಮತ್ತು ಭಾಷೆಯ ಕಲಿಕೆಯಲ್ಲಿ ಗಮನಾರ್ಹವಾದ ಏರಿಕೆ ಕಾಣಲಿಲ್ಲ. ಸಾಮಾನ್ಯ ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಕೊಂಚ ಪ್ರಗತಿ ಕಂಡಿತು. ನಮ್ಮ ದೇಶದ ದೆಹಲಿಯಲ್ಲಿ 2015ರಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನದ ಕಥೆ ಬೇರೆ. ಅಲ್ಲಿ ಶಾಲೆಯ ಅವಧಿಯ ಹೊರಗೆ 90 ನಿಮಿಷಗಳ ತರಗತಿ. ಅರ್ಧ ವೇಳೆ ಗಣಕದ ಮುಂದೆ, ಇನ್ನರ್ಧ ವೇಳೆ ಚಿಕ್ಕ ಗುಂಪಿನಲ್ಲಿ ಬೋಧಕರ ಮುಂದೆ. ಗಣಕದ ಪಾಠವೂ ಮಗು ಯಾವ ತರಗತಿಯಲ್ಲಿದೆಯೆಂದು ನೋಡದೆ, ಅದಕ್ಕೆ ನಿಜವಾಗಿ ಎಷ್ಟು ಗೊತ್ತಿದೆಯೆಂದು ಅಳೆದು ಅಲ್ಲಿಂದ ಮುಂದಕ್ಕೆ ನಡೆಸುವಂಥದು. ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಸ್ಪಷ್ಟವಾದ ಪ್ರಗತಿ ಕಂಡುಬಂದಿತು. ಪೆರುವಿನಲ್ಲಿ ಹಂಚಿದ್ದು ವಸ್ತುವನ್ನು. ದೆಹಲಿಯಲ್ಲಿ ಕೊಟ್ಟಿದ್ದು ಪಾಠವನ್ನು. ಶಿಷ್ಯನ ಯೋಗ್ಯತೆಯನ್ನರಿತು ಉಪದೇಶಿಸಬೇಕೆಂಬ ನಮ್ಮ ಗುರುಪರಂಪರೆಯ ಮಾತು ಇದಕ್ಕಿಂತ ಭಿನ್ನವೇ?

ಹಿರಿಯ ವಾಚಕರಿಗೆ ಇನ್ನೊಂದು ಸಂಗತಿ ನೆನಪಿರಬಹುದು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಮೂಲಕ ಶಿಕ್ಷಣವನ್ನು ತಲುಪಿಸುವ ಪ್ರಯೋಗ ನಡೆಯಿತು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಅವಧಿ ಮುಗಿದೊಡನೆ ಆ ಉಪಗ್ರಹ ಹಿಂದಿರುಗಿತು. ಪ್ರಯೋಗದಿಂದ ದೇಶ ಕಲಿತದ್ದು ಬಹಳ. ಆದರೆ ಮರುದಿನ ಮುಂಜಾನೆ ಆ ಹಳ್ಳಿಗಳ ಮಕ್ಕಳ ಮುಂದೆ ಉಳಿದು ನಿಂತವನು ಅಲ್ಲಿಯ ಶಾಲಾ ಮಾಸ್ತರನೇ.

ಹಾಗಾದರೆ ಮಾಡತಕ್ಕದ್ದೇನು? ಶ್ರವಣ, ಮನನ, ನಿದಿಧ್ಯಾಸನ ಎಂಬ ಪ್ರಾಚೀನ ಕ್ರಮವನ್ನು ಬಿಡದೆ ಯಂತ್ರಕ್ಕೆ ಅದರೊಳಗೊಂದು ಎಡೆಯನ್ನು ಕೊಡಬೇಕು. ಮೊದಲು ಅಧ್ಯಾಪಕನು ಒಂದು ವಚನವನ್ನು ಬಾಯ್ದೆರೆಯಾಗಿ ಹೇಳಲಿ, ಮಕ್ಕಳು ಕಿವಿಗೊಟ್ಟು ಕೇಳಿ ಕಂಠಸ್ಥ ಮಾಡಲಿ. ಆ ವೇಳೆಯಲ್ಲಿ ಯಂತ್ರ ಮುಚ್ಚಿರಲಿ. ಅನಂತರ ಆ ವಚನದ ಒಂದು ಪದದ ಬಗೆಗೆ ಮಕ್ಕಳಿಂದಲೇ ಪ್ರಶ್ನೆ ಹುಟ್ಟಲಿ. ಪ್ರಶ್ನೆ ಹುಟ್ಟಿದ ಮೇಲೆ ಯಂತ್ರವನ್ನು ತೆರೆಯಲಿ. ತಲೆಗೊಂದು ಬೇಡ, ನಾಲ್ವರಿಗೆ ಒಂದಿದ್ದರೆ ಸಾಕು, ಆಗ ಅವರೊಳಗೆ ಚರ್ಚೆ ನಡೆಯುತ್ತದೆ. ದೊರೆತ ವಚನಗಳಲ್ಲಿ ಐದನ್ನು ಆರಿಸಿ, ಯಾರದು, ಯಾವ ಅಂಕಿತ, ಯಾವ ಸ್ಥಲಕ್ಕೆ ಸಲ್ಲುವುದು ಎಂಬುದನ್ನು ಕೈಬರಹದಲ್ಲಿ ಬರೆದುಕೊಳ್ಳಲಿ. ಬಳಿಕ ಅಚ್ಚಿನ ಸಂಪುಟವನ್ನು ತೆರೆದು ತಾಳೆ ನೋಡಲಿ. ಪಾರಿಭಾಷಿಕ ಪದಗಳಿಗೆ ಸಮಗ್ರ ಸಂಪುಟದ ಕೊನೆಯ ಕೋಶ ಪಕ್ಕದಲ್ಲಿರಲಿ. ಕಡೆಗೆ, ಆ ಪದ ತಮ್ಮ ದಿನದ ನಡೆಯಲ್ಲಿ ಎಲ್ಲಿ ಸಲ್ಲುತ್ತದೆ ಎಂಬುದನ್ನು ಎಲ್ಲರೂ ಕೂಡಿ ವಿಚಾರಿಸಲಿ. ಶ್ರವಣ ಗುರುವಿನಿಂದ, ಶೋಧನೆ ಯಂತ್ರದಿಂದ, ಮನನ ಸಹಪಾಠಿಗಳೊಡನೆ, ಆಚರಣೆ ತನ್ನಿಂದ. ಈ ಕ್ರಮದಲ್ಲಿ ಯಂತ್ರದ ಪಾಲು ನಾಲ್ಕರಲ್ಲಿ ಒಂದು.

ಹಳೆಯ ವಿದ್ಯಾರ್ಥಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ತಾವು ಹತ್ತು ಯಂತ್ರಗಳನ್ನು ಕೊಡಲು ಸಂಕಲ್ಪಿಸಿದ್ದರೆ ಐದನ್ನು ಕೊಡಿರಿ. ಉಳಿದ ದ್ರವ್ಯದಲ್ಲಿ ಶಾಲೆಗೆ ವಚನ ಸಂಪುಟಗಳ ಒಂದು ಪೂರ್ಣ ಕಟ್ಟನ್ನು ಕೊಡಿಸಿರಿ. ಅಧ್ಯಾಪಕರಿಬ್ಬರು ಬೇಸಗೆಯ ರಜೆಯಲ್ಲಿ ಒಂದು ತಿಂಗಳು ವಿದ್ವಾಂಸರ ಬಳಿ ಕುಳಿತು ವಚನಗಳನ್ನೂ, ಯಂತ್ರದ ಬಳಕೆಯನ್ನೂ ಕಲಿಯುವ ವ್ಯವಸ್ಥೆ ಮಾಡಿರಿ. ಕೆಟ್ಟ ಯಂತ್ರದ ದುರಸ್ತಿಗೆಂದು ಅಲ್ಪ ನಿಧಿಯನ್ನು ಇಡಿರಿ. ಗೋಡೆಯ ಮೇಲೆ ಹೆಸರು ಕೆತ್ತಿಸಿದ ಯಂತ್ರ ಕೆಲವು ವರ್ಷಗಳಲ್ಲಿ ಹಳತಾಗುತ್ತದೆ. ಕಲಿತ ಅಧ್ಯಾಪಕನೊಬ್ಬ ಮೂವತ್ತು ವರ್ಷಗಳ ಕಾಲ ವರ್ಷ ವರ್ಷವೂ ಹೊಸ ಮಕ್ಕಳಿಗೆ ದಾಸೋಹ ಮಾಡುತ್ತಾನೆ.

ಅರಿವು ಗುರುವಿನ ಸ್ಥಾನದಲ್ಲಿ ನಿಲ್ಲಬೇಕೆಂಬುದು ಶರಣಸಿದ್ಧಾಂತ. ಗಣಕಯಂತ್ರವು ಆ ಅರಿವಿಗೆ ಹಣತೆಯ ಎಣ್ಣೆಯಂತೆ ಒದಗಲಿ. ಬತ್ತಿಯೂ ಬೆಂಕಿಯೂ ಮಾತ್ರ ನಮ್ಮವೇ ಆಗಿರಬೇಕು. ಶ್ರೀಗುರು ಬಸವಾದಿ ಪ್ರಮಥರು ಸರ್ವರಿಗೂ ಸದ್ಬುದ್ಧಿಯನ್ನು ಕರುಣಿಸಲೆಂದು ಹಾರೈಸುತ್ತೇವೆ.