ಹಿಂದೆ ಕೂತವರಿಗಾಗಿ ಒಂದು ಕ್ವಿಕ್‌ಶಿಫ್ಟರ್

ಕ್ವಿಕ್‌ಶಿಫ್ಟರ್ ಎಂದ ಕೂಡಲೇ ಎಲ್ಲರ ಕಣ್ಣಿಗೆ ಕಟ್ಟುವುದು ರೇಸ್ ಟ್ರ್ಯಾಕ್. ಕ್ಲಚ್ ಮುಟ್ಟದೆ, ಆಕ್ಸಿಲರೇಟರ್ ಬಿಡದೆ, ಪಟಪಟನೆ ಗೇರ್ ಏರಿಸುತ್ತಾ ಹೋಗುವ ಸವಾರರು. ಹಾಗಾಗಿ ಎರಡೂ ಬದಿ ಪನ್ನಿಯರ್ ಹೊತ್ತು, ಹಿಂದೆ ಇನ್ನೊಬ್ಬರನ್ನು ಕೂರಿಸಿಕೊಂಡು ದೂರದ ಊರಿಗೆ ಹೋಗುವ ಟೂರಿಂಗ್ ಬೈಕ್‌ಗೆ ಇದೆಲ್ಲ ಯಾಕೆ ಎಂದು ಓದುಗರೊಬ್ಬರು ಕೇಳಿದ್ದಾರೆ. ನನ್ನ ಅನುಭವದಲ್ಲಿ ಈ ಸಾಧನ ಹೆಚ್ಚು ಸಾರ್ಥಕವಾಗುವುದು ಟೂರಿಂಗ್ ಬೈಕಿನಲ್ಲೇ. ಅಲ್ಲಿ ಅದರ ಯೋಗ್ಯತೆಯನ್ನು ಅಳೆಯಬೇಕಾದದ್ದು ಹಿಂದೆ ಕೂತವರ ಹೆಲ್ಮೆಟ್ ನಮ್ಮ ಹೆಲ್ಮೆಟ್‌ಗೆ ಎಷ್ಟು ಸಲ ಬಡಿಯಿತು ಎಂಬ ಲೆಕ್ಕದಿಂದ.

ಮೊದಲು ಒಳಗೇನಾಗುತ್ತದೆ ನೋಡೋಣ. ಬೈಕಿನ ಗೇರ್‌ಬಾಕ್ಸ್‌ನಲ್ಲಿ ಎಲ್ಲ ಜೋಡಿ ಗೇರ್‌ಗಳ ಹಲ್ಲುಗಳೂ ಸದಾ ಕೂಡಿಕೊಂಡೇ ತಿರುಗುತ್ತಿರುತ್ತವೆ. ಯಾವ ಜೋಡಿಯ ಮೂಲಕ ಶಕ್ತಿ ದಾಟಬೇಕು ಎಂಬುದನ್ನು ತೀರ್ಮಾನಿಸುವುದು ಗೇರ್‌ಗಳ ಮಗ್ಗುಲಲ್ಲಿ ಉಬ್ಬಿಕೊಂಡಿರುವ ‘ಡಾಗ್’ಗಳು. ಶಿಫ್ಟ್ ಫೋರ್ಕ್ ಒಂದು ಗೇರನ್ನು ಪಕ್ಕಕ್ಕೆ ಸರಿಸಿದಾಗ ಅದರ ಡಾಗ್‌ಗಳು ಪಕ್ಕದ ಗೇರಿನ ಡಾಗ್‌ಗಳ ನಡುವೆ ಹೊಕ್ಕು ಕಚ್ಚಿಕೊಳ್ಳುತ್ತವೆ. ಅವುಗಳ ಅಂಚನ್ನು ಸ್ವಲ್ಪ ಒಳಮುಖವಾಗಿ ಓರೆ ಮಾಡಿರುವುದರಿಂದ ಎಂಜಿನ್ ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ. ಇಬ್ಬರು ತೋರುಬೆರಳು ಕೊಕ್ಕೆ ಹಾಕಿ ಎಳೆದಾಡುವಾಗ ಬಿಡಿಸುವುದು ಕಷ್ಟ. ಒಬ್ಬರು ಕ್ಷಣಮಾತ್ರ ಸಡಿಲ ಬಿಟ್ಟರೆ ತಾನಾಗಿ ಕಳಚಿಕೊಳ್ಳುತ್ತದೆ. ಕ್ಲಚ್ ಹಿಡಿದಾಗ ಆಗುವುದು ಇದೇ. ಕ್ವಿಕ್‌ಶಿಫ್ಟರ್ ಆ ಸಡಿಲವನ್ನು ಎಂಜಿನ್ ಕಡೆಯಿಂದ ತರುತ್ತದೆ. ಗೇರ್ ಲಿವರ್‌ನ ರಾಡ್‌ನಲ್ಲಿ ಕೂತ ಸೆನ್ಸರ್‌ಗೆ ಕಾಲಿನ ಒತ್ತಡ ತಿಳಿದ ಕೂಡಲೇ ಕಂಟ್ರೋಲ್ ಯೂನಿಟ್ ಸ್ಪಾರ್ಕನ್ನೋ ಪೆಟ್ರೋಲನ್ನೋ ತಡೆಯುತ್ತದೆ. ಸುಮಾರು 60–80 ಮಿಲಿಸೆಕೆಂಡ್, ಅಷ್ಟೇ. ಅಷ್ಟರೊಳಗೆ ಹಳೆಯ ಗೇರ್ ಬಿಟ್ಟು ಹೊಸದು ಕೂತಿರುತ್ತದೆ.

ಕಂಪನಿಗಳೂ ಟೂರಿಂಗ್ ಸವಾರರನ್ನು ಮರೆತಿಲ್ಲ. ಬಿಎಂಡಬ್ಲ್ಯು ತನ್ನ ಕೆ1300ಎಸ್‌ಗೆ 2009ರ ಹೊತ್ತಿಗೇ ಈ ಸೌಲಭ್ಯ ಕೊಟ್ಟಿತು. 2014ರ ಆರ್1200ಆರ್‌ಟಿ ಎಂಬ ಅಪ್ಪಟ ಟೂರಿಂಗ್ ಬೈಕಿಗೆ ಗೇರ್ ಏರಿಸುವುದಕ್ಕೂ ಇಳಿಸುವುದಕ್ಕೂ ಕ್ಲಚ್ ಬೇಡದ ವ್ಯವಸ್ಥೆ ಬಂತು. ನಮ್ಮಲ್ಲಿ 2020ರ ಕೆಟಿಎಂ 390 ಅಡ್ವೆಂಚರ್ ಮಧ್ಯಮ ಬೆಲೆಯ ಬೈಕಿಗೂ ಅದನ್ನು ತಂದುಕೊಟ್ಟಿತು. ಅಂಥ ಬೈಕ್ ಇದ್ದವರಿಗೆ ಚಿಂತೆಯಿಲ್ಲ. ಪ್ರಶ್ನೆ ಇರುವುದು ಕವಾಸಕಿ ವರ್ಸಿಸ್ 650ಯಂಥ ಬೈಕ್ ಇರುವವರಿಗೆ. 21 ಲೀಟರ್ ಟ್ಯಾಂಕ್, ನೆಟ್ಟಗೆ ಕೂರುವ ಸೀಟು, ದಣಿವರಿಯದ ಎರಡು ಸಿಲಿಂಡರ್ ಎಂಜಿನ್. ಈ ಸಾಧನವನ್ನು ಮಾತ್ರ ಹೊರಗಿನಿಂದ ತಂದು ಹಾಕಿಸಬೇಕು.

ಕಿಟ್‌ನಲ್ಲಿ ಬರುವುದು ಮುಖ್ಯವಾಗಿ ಎರಡು: ಬೆರಳುದ್ದದ ಸೆನ್ಸರ್ ಮತ್ತು ಬೆಂಕಿಪೊಟ್ಟಣದಷ್ಟೇ ಜಾಗ ಹಿಡಿಯುವ ಮಾಡ್ಯೂಲ್. ಟ್ಯಾಂಕ್ ಎತ್ತಿ, ಇಂಜೆಕ್ಟರ್ ಅಥವಾ ಇಗ್ನಿಷನ್ ಕಾಯಿಲ್‌ನ ಕನೆಕ್ಟರ್ ಕಳಚಿ, ನಡುವೆ ಮಾಡ್ಯೂಲ್‌ನ ಕನೆಕ್ಟರ್ ಸೇರಿಸುತ್ತಾರೆ. ಒಳ್ಳೆಯ ಕಿಟ್ ಆದರೆ ಒಂದೇ ಒಂದು ವೈರ್ ಕತ್ತರಿಸಬೇಕಾಗಿಲ್ಲ. ಟೂರಿಂಗ್ ಬೈಕಿಗೆ ಪೆಟ್ರೋಲ್ ತಡೆಯುವ ಬಗೆಯೇ ಲೇಸು. ಸ್ಪಾರ್ಕ್ ತಡೆದರೆ ಉರಿಯದ ಪೆಟ್ರೋಲ್ ಸೈಲೆನ್ಸರ್‌ಗೆ ಹೋಗಿ ‘ಡಬ್’ ಎನ್ನುವುದುಂಟು. ಹುಡುಗರಿಗೆ ಆ ಸದ್ದು ಹಿತ, ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಅಲ್ಲ.

ಮೆಕ್ಯಾನಿಕ್ ಪಕ್ಕದಲ್ಲೇ ನಿಂತು ನೋಡಬೇಕಾದದ್ದು ರಾಡ್‌ನ ಕೆಲಸ. ಸೆನ್ಸರ್ ಸೇರಿದ ಮೇಲೂ ರಾಡ್‌ನ ಒಟ್ಟು ಉದ್ದ ಮೊದಲಿನಷ್ಟೇ ಇರಬೇಕು. ಇಲ್ಲದಿದ್ದರೆ ಲಿವರ್ ಮೇಲೆ ಕೆಳಗೆ ಆಗಿ ಪಾದಕ್ಕೆ ತ್ರಾಸ. ರಾಡ್‌ನ ಒಂದು ತುದಿಯ ಥ್ರೆಡ್ ಸಾಮಾನ್ಯವಾಗಿ ಎಡಸುತ್ತಿನದು, ಬಲವಂತ ಮಾಡಿದರೆ ಕೆಟ್ಟಂತೆ. ಗೇರ್ ಏರಿಸುವಾಗ ಆ ರಾಡ್ ತಳ್ಳಿಸಿಕೊಳ್ಳುತ್ತದೋ ಎಳೆಸಿಕೊಳ್ಳುತ್ತದೋ ಎಂದು ನೋಡಿ ಸೆನ್ಸರ್‌ಗೆ ದಿಕ್ಕು ಹೇಳಬೇಕು. ಲಿವರ್‌ನ ಬುಷ್, ರಾಡ್‌ನ ಬಾಲ್ ಜಾಯಿಂಟ್ ಅಲ್ಲಾಡುತ್ತಿದ್ದರೆ ಮೊದಲು ಅವನ್ನು ಬದಲಾಯಿಸಿ. ಕಾಲು ಹೇಳಿದ ಮಾತು ಆ ಸಡಿಲದಲ್ಲೇ ಅರ್ಧ ಕಳೆದುಹೋದರೆ ಯಾವ ದುಬಾರಿ ಮಾಡ್ಯೂಲೂ ಏನೂ ಮಾಡಲಾಗದು. ಬೈಕ್ ವಾರಂಟಿಯಲ್ಲಿದ್ದರೆ ಡೀಲರ್ ಬಳಿ ಮೊದಲೇ ಕೇಳಿಕೊಳ್ಳುವುದು ಜಾಣತನ.

ಸಾಮಾನ್ಯ ಕಿಟ್‌ಗಳು ಗೇರ್ ಏರಿಸುವುದಕ್ಕಷ್ಟೇ ಒದಗುತ್ತವೆ. ಗೇರ್ ಇಳಿಸುವಾಗ ಎಂಜಿನ್ ಚಕ್ರವನ್ನು ಹಿಡಿದೆಳೆಯುತ್ತಿರುವುದರಿಂದ ಡಾಗ್‌ಗಳ ಇನ್ನೊಂದು ಮಗ್ಗುಲು ಬಿಗಿದಿರುತ್ತದೆ. ಅದನ್ನು ಬಿಡಿಸಲು ಎಂಜಿನ್‌ನ ಆರ್‌ಪಿಎಂ ಒಮ್ಮೆ ಚಿಮ್ಮಬೇಕು. ಥ್ರಾಟಲ್ ಎಲೆಕ್ಟ್ರಾನಿಕ್ ಆಗಿದ್ದರೆ ಕಂಪ್ಯೂಟರೇ ಅದನ್ನು ತೆರೆದು ಮುಚ್ಚುತ್ತದೆ. ವರ್ಸಿಸ್ 650ಯಲ್ಲಿರುವಂತೆ ಕೇಬಲ್ ಆಗಿದ್ದರೆ ಆ ಕೆಲಸ ನಮ್ಮ ಕ್ಲಚ್ ಮತ್ತು ಮಣಿಕಟ್ಟಿನದೇ. ಇದನ್ನು ಕೊರತೆ ಎಂದು ನಾನು ಭಾವಿಸುವುದಿಲ್ಲ. ಗೇರ್ ಇಳಿಸುವ ಹೊತ್ತಿಗೆ ನಾವು ಹೇಗೂ ತಿರುವಿನ ಮುಂದೆ ಎಚ್ಚರವಾಗಿರುತ್ತೇವೆ, ಕೈ ಕ್ಲಚ್ ಮೇಲೇ ಇರುತ್ತದೆ.

ಚಾರ್ಮಾಡಿ ಘಾಟಿಯನ್ನು ಕೊಟ್ಟಿಗೆಹಾರದ ಕಡೆಗೆ ಏರುವಾಗ ಇದರ ಫಲ ನೇರವಾಗಿ ಅನುಭವಕ್ಕೆ ಬರುತ್ತದೆ. ಹಿಮ್ಮುರಿ ತಿರುವು ದಾಟಿ ಎರಡನೇ ಗೇರ್‌ನಲ್ಲಿ ಎಳೆಯುತ್ತಿರುವ ತುಂಬಿದ ಬೈಕ್, ಮೂರಕ್ಕೆ ಹಾಕಲು ಕ್ಲಚ್ ಹಿಡಿದ ಕ್ಷಣ ಏರಿನಲ್ಲಿ ಜಗ್ಗುತ್ತದೆ. ಹಿಂದೆ ಕೂತವರು ಮುಂದಕ್ಕೆ ವಾಲುತ್ತಾರೆ. ಕ್ಲಚ್ ಬಿಟ್ಟಾಗ ಮತ್ತೆ ಹಿಂದಕ್ಕೆ. ಪ್ರತಿ ತಿರುವಿಗೂ ಇದೇ ಕತೆ. ಸರಿಯಾಗಿ ಹೊಂದಿಸಿದ ಕ್ವಿಕ್‌ಶಿಫ್ಟರ್ ಇದ್ದರೆ ಎಳೆತ ತುಂಡಾದದ್ದೇ ತಿಳಿಯುವುದಿಲ್ಲ, ಎಂಜಿನ್ ಶ್ರುತಿ ಮಾತ್ರ ಒಂದು ಮನೆ ಕೆಳಗಿಳಿಯುತ್ತದೆ. ಹಿಂದಿನವರು ಕಾಡು ನೋಡುತ್ತಾ ಕೂರಬಹುದು.

ಎಲ್ಲ ಕಡೆಯೂ ಹೀಗಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್‌ನಿಂದ ಬೈಕ್‌ಗಳಿಗೆ ಪ್ರವೇಶವಿಲ್ಲ. ನಮಗಿರುವುದು ಸರ್ವಿಸ್ ರಸ್ತೆ. ಅಲ್ಲಿ ಹಂಪ್, ಹಸು, ಬಸ್ಸು, ಶಾಲೆ ಮಕ್ಕಳ ನಡುವೆ ಒಂದು–ಎರಡು–ಒಂದು ಎಂದು ಗೇರ್ ಹಾಕುವಾಗ ಇದನ್ನು ನೆಚ್ಚಬೇಡಿ. ಕಡಿಮೆ ಆರ್‌ಪಿಎಂನಲ್ಲಿ, ಆಕ್ಸಿಲರೇಟರ್ ಅರೆಬರೆ ತೆರೆದಿರುವಾಗ, ಒಂದರಿಂದ ಎರಡಕ್ಕೆ ಹೋಗುವ ದೊಡ್ಡ ಅಂತರದಲ್ಲಿ ಜರ್ಕ್ ಖಚಿತ. ಅಲ್ಲಿ ಕ್ಲಚ್‌ಗೆ ಸಾಟಿಯಿಲ್ಲ. ಪೇಟೆಯ ಟ್ರಾಫಿಕ್‌ನಲ್ಲಿ ಎಡಗೈಗೆ ಬಿಡುವು ಬೇಕಿದ್ದರೆ ಹೋಂಡಾದ ಇ-ಕ್ಲಚ್‌ನಂಥ ಬೇರೆಯೇ ತಂತ್ರಜ್ಞಾನ ನೋಡಬೇಕು.

ಹೊಂದಿಸುವ ಕೆಲಸಕ್ಕೆ ಖಾಲಿ ರಸ್ತೆಯ ಒಂದು ಬೆಳಗ್ಗೆ ಮೀಸಲಿಡಿ. ಮೂರರಿಂದ ನಾಲ್ಕಕ್ಕೆ, ಆಕ್ಸಿಲರೇಟರ್ ಅಲುಗಿಸದೆ, ಎಂಜಿನ್ ಎಳೆಯುತ್ತಿರುವಾಗ ಹಾಕಿ ನೋಡಿ. ತಡೆಯುವ ಅವಧಿ ಉದ್ದವಾದರೆ ಬೈಕ್ ಮುಗ್ಗರಿಸುತ್ತದೆ. ಗಿಡ್ಡವಾದರೆ ಗೇರ್ ಪೂರ್ತಿ ಕೂರದೆ ಫಾಲ್ಸ್ ನ್ಯೂಟ್ರಲ್‌ಗೆ ಬೀಳುತ್ತದೆ. ಉದ್ದದಿಂದ ಶುರುಮಾಡಿ ಐದೈದು ಮಿಲಿಸೆಕೆಂಡ್ ಇಳಿಸುತ್ತಾ ಬನ್ನಿ, ತೊಡಕು ಕಂಡಲ್ಲಿ ಒಂದು ಹೆಜ್ಜೆ ಹಿಂದೆ ನಿಲ್ಲಿ. ಕೊನೆಯ ಪರೀಕ್ಷೆ ಜೊತೆಗಾರರನ್ನು ಕೂರಿಸಿಕೊಂಡೇ ಆಗಬೇಕು. ಒಬ್ಬರಿದ್ದಾಗ ಗೊತ್ತೇ ಆಗದ ಜರ್ಕ್ ಇಬ್ಬರಿದ್ದಾಗ ಹೆಲ್ಮೆಟ್‌ಗೆ ಬಡಿದು ತಿಳಿಯುತ್ತದೆ.

ಕಾಲಿಗೂ ಶಿಸ್ತು ಬೇಕು. ದಪ್ಪ ಬೂಟಿನ ತುದಿಯನ್ನು ಲಿವರ್ ಅಡಿಯಲ್ಲೇ ಒರಗಿಸಿಡುವ ಅಭ್ಯಾಸ ಬಿಡಿ; ಸೆನ್ಸರ್ ಅದನ್ನೇ ಅಪ್ಪಣೆ ಎಂದುಕೊಂಡು ಎಂಜಿನ್ ತಡೆಯುತ್ತದೆ. ಗೇರ್ ಹಾಕುವಾಗ ಪುಕ್ಕಲು ಬೇಡ, ಒಂದೇ ಪಟ್ಟಿಗೆ ಪೂರ್ತಿ ಎತ್ತಿ, ಪೂರ್ತಿ ಬಿಡಿ. ಅರ್ಧಂಬರ್ಧ ಎತ್ತುತ್ತಿದ್ದರೆ ಡಾಗ್‌ಗಳ ಅಂಚು ಸವೆದು ದುಂಡಗಾಗುತ್ತದೆ, ಫೋರ್ಕ್ ಬಾಗುತ್ತದೆ. ಆಮೇಲೆ ಎಂಜಿನ್ನೇ ಬಿಚ್ಚಬೇಕಾದೀತು. ಮಲೆನಾಡಿನ ಮಳೆಗೆ ಹೊರಡುವ ಮುನ್ನ ಫುಟ್‌ಪೆಗ್ ಪಕ್ಕದ ಸೆನ್ಸರ್‌ನ ಕನೆಕ್ಟರ್‌ಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಮುಂಚಕ್ರ ಎರಚುವ ಕೆಸರೆಲ್ಲ ಸೇರುವುದು ಅಲ್ಲಿಗೇ.

ಹಾಗಾದರೆ ಯಾರು ಹಾಕಿಸಬೇಕು? ಯಾವ ಸಾಧನವೂ ಇಲ್ಲದೆ, ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಸಡಿಲಿಸಿ ಅದೇ ಕ್ಷಣ ಗೇರ್ ಎತ್ತುವುದನ್ನು ಮೊದಲು ಕಲಿಯಿರಿ. ನಾಲ್ಕರ ಮೇಲಿನ ಗೇರ್‌ಗಳು ಹಾಗೆ ಬೆಣ್ಣೆಯಂತೆ ಬೀಳುತ್ತಿದ್ದರೆ ನಿಮ್ಮ ಗೇರ್‌ಬಾಕ್ಸ್ ಸುಸ್ಥಿತಿಯಲ್ಲಿದೆ, ನಿಮ್ಮ ಮಣಿಕಟ್ಟೂ ಪಳಗಿದೆ; ಧೈರ್ಯವಾಗಿ ಹಾಕಿಸಿ. ಕಟಕಟ ಎನ್ನುತ್ತಿದ್ದರೆ ಆ ದುಡ್ಡು ಮೊದಲು ಚೈನಿಗೆ, ಆಯಿಲ್‌ಗೆ, ಲಿವರ್‌ನ ಬುಷ್‌ಗೆ ಹೋಗಲಿ. ಹಾಕಿಸಿದ ಮೇಲೆ ಚೆನ್ನಾಗಿದೆಯೇ ಎಂದು ಗೆಳೆಯರ ಗುಂಪನ್ನು ಕೇಳಬೇಡಿ. ನೂರು ಕಿಲೋಮೀಟರ್ ಕರೆದೊಯ್ದು, ಹಿಂದೆ ಕೂತವರನ್ನೇ ಕೇಳಿ. ಗೇರ್ ಬದಲಾದದ್ದೇ ಅವರಿಗೆ ತಿಳಿದಿಲ್ಲವಾದರೆ ನಿಮ್ಮ ದುಡ್ಡಿಗೆ ಮೋಸವಾಗಿಲ್ಲ.