ಇಲ್ಲದ ಚಂದ್ರನ ಪರವಾಗಿ

ಹಳೆಯ ಅಮೆರಿಕನ್ ಪೋಸ್ಟ್‌ಕಾರ್ಡುಗಳ ವಿಷಯ ಬಂದಾಗಲೆಲ್ಲ ಒಂದೇ ತೀರ್ಪು ಕೈಯಿಂದ ಕೈಗೆ ದಾಟುತ್ತಿರುತ್ತದೆ: 1900ರ ಆಸುಪಾಸಿನವು ಕಲೆ, 1930ರ ನಂತರದವು ಜಾತ್ರೆಯ ಸರಕು. ಈ ತೀರ್ಪಿಗೆ ಮೊಹರು ಒತ್ತಿದವನು ವಾಕರ್ ಇವಾನ್ಸ್. ಸುಮಾರು 9000 ಕಾರ್ಡು ಕೂಡಿಹಾಕಿ, 1948ರ ಮೇ ತಿಂಗಳ ‘ಫಾರ್ಚೂನ್’ ಪತ್ರಿಕೆಯಲ್ಲಿ ಅವುಗಳಿಗೆ ಮರ್ಯಾದೆ ತಂದುಕೊಟ್ಟ ಛಾಯಾಗ್ರಾಹಕ ಆತ. ಅವನ ಕಣ್ಣಿನ ಬಗ್ಗೆ ತಕರಾರಿಲ್ಲ. ಆ ಕಣ್ಣಿಗೆ ಹಿಡಿಸದ್ದೆಲ್ಲ ಸುಳ್ಳು ಎಂದು ನಂಬಿಕೊಂಡವರ ಬಗ್ಗೆ ಇದೆ. ಅದನ್ನು ಒರೆಗೆ ಹಚ್ಚಲು ಅಲ್ಲಿನ ರಾಜ್ಯಗಳ ಶಾಸನಭವನಗಳ, ಅಂದರೆ ಕ್ಯಾಪಿಟಲ್‌ಗಳ, ಕಾರ್ಡುಗಳಷ್ಟು ಒಳ್ಳೆಯ ಕಲ್ಲು ಇನ್ನೊಂದಿಲ್ಲ. ಪ್ರತಿ ಕಾಲದ ಪ್ರಕಾಶಕನೂ ಅವನ್ನು ಅಚ್ಚುಹಾಕಿದ್ದಾನೆ. ಕಟ್ಟಡ ಅದೇ, ನೋಡುವ ಕೋನವೂ ಹೆಚ್ಚುಕಡಿಮೆ ಅದೇ. ಬದಲಾದದ್ದು ಬಣ್ಣ ಮಾತ್ರ.

ಇವಾನ್ಸ್ ಮೆಚ್ಚಿದ ಡೆಟ್ರಾಯಿಟ್ ಕಂಪನಿಯ ಕಾರ್ಡುಗಳನ್ನೇ ಮೊದಲು ನೋಡೋಣ. ಅವುಗಳ ಸೌಮ್ಯವಾದ ಆಕಾಶ, ಹದವಾದ ಹಸಿರು ಕ್ಯಾಮೆರಾ ಕಂಡದ್ದಲ್ಲ. ಸ್ವಿಟ್ಜರ್ಲೆಂಡಿನಿಂದ ಹಕ್ಕು ಪಡೆದು ತಂದ ಫೋಟೋಕ್ರೋಮ್ ವಿಧಾನದಲ್ಲಿ ಕಪ್ಪುಬಿಳುಪು ನೆಗೆಟಿವ್ ಕಲ್ಲಿನ ಮೇಲೆ ಮೂಡುತ್ತಿತ್ತು, ಬಣ್ಣಕ್ಕೊಂದು ಕಲ್ಲು, ಯಾವ ಬಣ್ಣ ಎಲ್ಲಿಗೆ ಎಂಬುದು ಕಾರ್ಖಾನೆಯಲ್ಲಿ ಕೂತವರ ನಿರ್ಧಾರ. ಅಂದಮೇಲೆ ಹಳೆಯ ಕಾರ್ಡೂ ಬಣ್ಣ ಬಳಿದುಕೊಂಡದ್ದೇ, ಮೆಲ್ಲನೆ ಬಳಿದುಕೊಂಡಿದೆ ಅಷ್ಟೆ. ಮೆಲುದನಿಯಲ್ಲಿ ಆಡಿದ ಸುಳ್ಳನ್ನು ನಾವು ಅಭಿರುಚಿ ಎನ್ನುತ್ತೇವೆ.

ಷಿಕಾಗೋದ ಕರ್ಟ್ ಟೈಕ್ ಕಂಪನಿಯ ‘ಲಿನನ್’ ಕಾರ್ಡಿಗೆ ಆ ಸಂಕೋಚವಿಲ್ಲ. ಬೆರಳಾಡಿಸಿದರೆ ಬಟ್ಟೆಯ ನೇಯ್ಗೆಯಂತೆ ಗೀರುಗೀರಾಗಿ ಒತ್ತಿದ ಕಾಗದ, ಅದರ ಮೇಲೆ ಐದು ಬಣ್ಣಗಳ ಅಚ್ಚು. ಅಂಚಿನಲ್ಲಿ ‘5ಎ’ ಎಂದು ಶುರುವಾಗುವ ಸಂಖ್ಯೆಯಿದ್ದರೆ ಅದು 1935ರದ್ದು. ಮೂವತ್ತರ ದಶಕಕ್ಕೆ ‘ಎ’, ನಲವತ್ತರ ದಶಕಕ್ಕೆ ‘ಬಿ’. ಈ ಮಾದರಿಯ ರಾತ್ರಿ ದೃಶ್ಯಗಳನ್ನು ಗಮನಿಸಿ. ಗುಮ್ಮಟದ ಪಕ್ಕ ತಟ್ಟೆಯಂಥ ಹುಣ್ಣಿಮೆ ಚಂದ್ರ, ಗಾಢ ನೀಲಿ ಮೋಡ, ಸಾಲು ಕಿಟಕಿಗಳಲ್ಲಿ ಅರಿಸಿನದಂಥ ಬೆಳಕು. ಮೂಲ ಫೋಟೋ ಎಷ್ಟೋ ಸಲ ಹಗಲಿನದ್ದೇ. ಚಂದ್ರನನ್ನು ಇಟ್ಟವನು, ದೀಪ ಹಚ್ಚಿದವನು ಕಾರ್ಖಾನೆಯ ತಿದ್ದುಗಾರ. ವಿದ್ಯುತ್ ಕಂಬ, ತಂತಿ, ಅಡ್ಡ ನಿಂತ ಕಾರು ಎಲ್ಲವನ್ನೂ ಅಳಿಸಿದವನೂ ಅವನೇ. ಈ ಇಡೀ ಪರಂಪರೆಯಲ್ಲಿ ನನ್ನ ಪಕ್ಷಪಾತ ಇವನ ಕಡೆಗೆ.

ಆಕ್ಷೇಪ ಬರುವುದು ಇಲ್ಲಿಯೇ. ಅದು ಮಹಾ ಆರ್ಥಿಕ ಕುಸಿತದ ಕಾಲ, ಜನ ಕೆಲಸವಿಲ್ಲದೆ ಬೀದಿಯಲ್ಲಿದ್ದರು. ಆಗ ಸರ್ಕಾರಿ ಕಟ್ಟಡಕ್ಕೆ ಬೆಳದಿಂಗಳು ಬಳಿಯುವುದು ಮುಖಸ್ತುತಿಯಲ್ಲವೇ? ಮ್ಯಾಡಿಸನ್ ಊರಿನ ವಿಸ್ಕಾನ್ಸಿನ್ ಕ್ಯಾಪಿಟಲನ್ನೇ ತೆಗೆದುಕೊಳ್ಳಿ. 1904ರಲ್ಲಿ ಹಳೆಯದು ಸುಟ್ಟುಹೋಗಿ, ಜಾರ್ಜ್ ಪೋಸ್ಟ್‌ನ ನಕ್ಷೆಯಂತೆ 1906ರಿಂದ 1917ರವರೆಗೆ ಎದ್ದ ಬಿಳಿ ಗ್ರಾನೈಟ್ ಗುಮ್ಮಟ ಅದು. ಅಮೆರಿಕದ ಮೊದಲ ನಿರುದ್ಯೋಗ ವಿಮೆ ಕಾಯ್ದೆ 1932ರಲ್ಲಿ ಹೊರಬಿದ್ದದ್ದು ಆ ಗುಮ್ಮಟದ ಕೆಳಗಿನಿಂದಲೇ. ಇಂಥ ಕಟ್ಟಡದ ಕಿಟಕಿಗೆ ರಾತ್ರಿ ದೀಪ ಹಚ್ಚಿದರೆ ಅದು ಮುಖಸ್ತುತಿಯಾಗಬೇಕಿಲ್ಲ. ಒಳಗೆ ಯಾರೋ ನಮಗಾಗಿ ಎಚ್ಚರವಾಗಿದ್ದಾರೆಂಬ ಹಂಬಲವೂ ಆಗಬಹುದು. ಕ್ಯಾಪಿಟಲ್ ಎಂಬ ಕಟ್ಟಡವೇ ಅಂಥದೊಂದು ಹಂಬಲ. ಜೋಳದ ಹೊಲ, ಹಾಲಿನ ಡೇರಿಗಳ ನಡುವೆ ರೋಮಿನ ಗುಮ್ಮಟ ನಿಲ್ಲಿಸಿದವರನ್ನು ಬಿಟ್ಟು, ಅದಕ್ಕೊಂದು ಚಂದ್ರನನ್ನು ಸೇರಿಸಿದವನನ್ನು ಮಾತ್ರ ಸುಳ್ಳುಗಾರ ಎನ್ನುವುದು ಯಾವ ನ್ಯಾಯ? ಮೇಲಾಗಿ, ಅವನ ಸುಳ್ಳಿಗೆ ರಸೀದಿ ಇದೆ. ಷಿಕಾಗೋದ ನ್ಯೂಬೆರಿ ಗ್ರಂಥಾಲಯದಲ್ಲಿರುವ ಟೈಕ್ ಕಡತಗಳಲ್ಲಿ ಮೂಲ ಫೋಟೋಗಳೂ, ಏನು ತೆಗೆಯಬೇಕು ಯಾವ ಬಣ್ಣ ಹಾಕಬೇಕು ಎಂಬ ಸೂಚನೆಗಳೂ ಉಳಿದಿವೆ. ಯುದ್ಧಾನಂತರ ಬಂದ ನಿಜಬಣ್ಣದ ಫೋಟೋ ಕಾರ್ಡುಗಳು ತಿದ್ದುವುದರ ಬದಲು ಒಳ್ಳೆಯ ಬಿಸಿಲಿಗೆ ಕಾದವು. ಆದ್ದರಿಂದ ಅವು ಹೆಚ್ಚು ಸತ್ಯವೇನೂ ಆಗಲಿಲ್ಲ, ಸಪ್ಪೆಯಾದವು.

ಈ ಜಗಳ ಅಮೆರಿಕದ್ದು ಮಾತ್ರವೂ ಅಲ್ಲ. ‘ಕ್ಯಾಲೆಂಡರ್ ಚಿತ್ರ’ ಎಂಬುದು ನಮ್ಮಲ್ಲೂ ಬೈಗುಳವೇ. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ತೆರೆದ ಕಲ್ಲಚ್ಚಿನ ಪ್ರೆಸ್ಸಿನಲ್ಲಿ ಜರ್ಮನ್ ತಂತ್ರಜ್ಞರಿದ್ದರು; ಟೈಕ್ ಕೂಡ ಜರ್ಮನಿಯಿಂದ ವಲಸೆ ಹೋದ ಮುದ್ರಕ. ಎರಡೂ ಕಡೆ ಬಣ್ಣ ಬಡವರ ಗೋಡೆಗೆ, ಚಿಲ್ಲರೆ ಅಂಗಡಿಯ ಕಪಾಟಿಗೆ ಇಳಿಯಿತು. ಎರಡೂ ಕಡೆ ಓದಿದವರು ಮೂಗು ಮುರಿದರು. ಬೂದುಬಣ್ಣವೇ ಸತ್ಯ, ಕಡುಕೆಂಪು ಅಗ್ಗ ಎಂಬ ನಂಬಿಕೆ ಸೌಂದರ್ಯಶಾಸ್ತ್ರದ ಮಾತೆಂದು ನನಗೆ ಅನಿಸುವುದಿಲ್ಲ. ಅದು ಯಾರ ಮನೆಯ ಗೋಡೆ ಎಂದು ನೋಡಿ ಆಡುವ ಮಾತು.

ಇವಾನ್ಸ್‌ನ ಕಾರ್ಡುಗಳು ಇಂದು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಅವನ ಹೆಸರಿನಲ್ಲಿವೆ. ಲಿನನ್ ಕಾರ್ಡಿನ ಹಿಂಬದಿಯಲ್ಲಿ ಕಂಪನಿಯ ಹೆಸರಿದೆ, ಊರಿನ ಹೆಸರಿದೆ, ಕಟ್ಟಡದ ವಿವರವೂ ಇದೆ. ಚಂದ್ರನನ್ನು ಇಟ್ಟವನ ಹೆಸರಿಲ್ಲ.