ಪಟ್ಟಿ ಇಳಿಸಿ ಹಾಡ್ರಿ

ಗೋಳಗುಮ್ಮಟ ಹತ್ತಿ ಕೂಗದೇ ದೊಡ್ಡವನಾದ ಹುಡುಗ ನಮ್ಮ ವಿಜಯಪುರ ಜಿಲ್ಲೆಯಲ್ಲಿ ಸಿಗಲಿಕ್ಕಿಲ್ಲ. ತಿಕೋಟಾ ಕಡೆಯ ನಮ್ಮ ಸಾಲಿಯಿಂದ ಟ್ರಿಪ್ ಹೋದಾಗ ನಾನೂ ಕೂಗಿದ್ದೆ. 1656ರಲ್ಲಿ ಕಟ್ಟಿ ಮುಗಿಸಿದ ಆ ಗುಮ್ಮಟ ನನ್ನ ದನಿಯನ್ನು ಮತ್ತೆ ಮತ್ತೆ ತಿರುಗಿಸಿ ಕೊಟ್ಟಾಗ, 'ಅರೇ, ನನ್ನ ದನಿ ಇಷ್ಟು ಚಲೋ ಐತೇನು?' ಅನ್ನಿಸಿತ್ತು. ಕರೋಕೆ ಮೈಕಿನ ಎಕೋ ಗುಂಡಿ ಮಾಡೋದೂ ಅದನ್ನೇ. ಆದರೆ ಅದರ ಮುಲಾಜು ಪಲ್ಲವಿ ಮುಗಿಯೋವರೆಗೆ ಮಾತ್ರ. ಚರಣ ಬಂತು ಅಂದ್ರೆ ಬಣ್ಣ ಬಯಲು.

ಬೆಂಗಳೂರಿನಲ್ಲಿ ರಿಲೀಸ್ ಮುಗಿದ ಶುಕ್ರವಾರ ನಮ್ಮ ಟೀಮು ಒಂದು ಕರೋಕೆ ರೂಮು ಬುಕ್ ಮಾಡುತ್ತೆ. ಯಾರಾದರೂ ಒಬ್ಬರು 'ಮುಂಗಾರು ಮಳೆ'ಯ ಸೋನು ನಿಗಮ್ ಹಾಡು ಹಾಕಿಯೇ ಹಾಕುತ್ತಾರೆ. 2006ರಲ್ಲಿ ಹರೆಯಕ್ಕೆ ಕಾಲಿಟ್ಟ ನಮಗೆ ಜಯಂತ ಕಾಯ್ಕಿಣಿಯವರ ಸಾಲಿಗೆ ಸ್ಕ್ರೀನ್ ನೋಡೋ ಅಗತ್ಯ ಇಲ್ಲ. ಪಲ್ಲವಿಗೆ ರೂಮೆಲ್ಲ ಹಾಡುತ್ತದೆ. ಚರಣ ಮೇಲೇರಿದ ಕೂಡಲೇ ಒಬ್ಬೊಬ್ಬರೇ ಜಾರಿ, ಮೈಕ್ ಹಿಡಿದವನೊಬ್ಬನೇ ಕತ್ತಿನ ನರ ಉಬ್ಬಿಸಿಕೊಂಡು ಉಳಿಯುತ್ತಾನೆ. ತಪ್ಪು ಅವನದಲ್ಲ. ಮನೋಮೂರ್ತಿ ಆ ರಾಗ ಹಾಕಿದ್ದು ಸೋನು ನಿಗಮ್ ಗಂಟಲಿಗೆ, ದಿನಾ ಹತ್ತು ತಾಸು ಕಾಲ್‌ನಲ್ಲಿ ಮಾತಾಡಿ ಸವೆದ ಗಂಟಲಿಗಲ್ಲ. 1981ರ 'ಗೀತಾ' ಚಿತ್ರದ 'ಸಂತೋಷಕ್ಕೆ' ಹಾಡಿನದು ಇನ್ನೊಂದು ಕಥೆ. ಶಂಕರ್‌ನಾಗ್ ಗಿಟಾರು ನೆನಪಾಗಿ ಎಲ್ಲರೂ ಎದ್ದು ನಿಲ್ಲುತ್ತಾರೆ, ಆದರೆ ಎಸ್ಪಿಬಿ ಎಲ್ಲಿ ಉಸಿರು ತಗೊಂಡರು ಅಂತ ಹುಡುಕುವಷ್ಟರಲ್ಲಿ ಇಳಯರಾಜ ಮುಂದಿನ ಸಾಲಿಗೆ ಹೋಗಿರುತ್ತಾರೆ.

(ಒಂದು ಉಪಕಾರದ ಮಾತು: ಕೀ ಅಂತ ಒಂದು ಗುಂಡಿ ಇರುತ್ತೆ. ಎರಡು ಸಲ ಕೆಳಗೆ ಒತ್ತಿ. ನಮ್ಮೂರ ಭಜನಿ ಮ್ಯಾಳದ ಪೇಟಿ ಮಾಸ್ತರ 'ಪಟ್ಟಿ ಇಳಸೂಣು ತಡೀರಿ' ಅಂತ ಸಂಕೋಚವಿಲ್ಲದೆ ಮಾಡುತ್ತಿದ್ದ ಕೆಲಸ ಅದು. ಬೆಂಗಳೂರಿನಲ್ಲಿ ಅದನ್ನ ಮಾಡಿದರೆ ಸೋತಂಗೆ ಅಂದುಕೊಳ್ತಾರೆ.)

ನನ್ನ ತಕರಾರು ಇಷ್ಟೇ. ಕನ್ನಡ ಸಿನಿಮಾ ಹರೆಯದ ಮೇಲೆ ಬರೆದ ಹಾಡುಗಳಲ್ಲಿ ಹೆಚ್ಚಿನವು ಕೇಳೋಕೆ, ನೋಡೋಕೆ ಮಾಡಿದಂಥವು. ಹರೆಯದವರು ಕೂಡಿ ಹಾಡೋಕೆ ಮಾಡಿದ್ದಲ್ಲ. ಇದು ಹೊಳೆದದ್ದು ಜಪಾನಿನ ಕ್ಲೈಂಟ್ ಕಡೆಯವರು ನಮ್ಮ ಆಫೀಸಿಗೆ ಬಂದ ವಾರ. ಕರೋಕೆ ಅಂದ್ರೆ 'ಖಾಲಿ ವಾದ್ಯವೃಂದ' ಅಂತ ಅರ್ಥ. 1971ರಲ್ಲಿ ಕೋಬೆಯ ದೈಸುಕೆ ಇನೊಯೆ ಅಂಥ ಮೊದಲ ಮಷಿನ್‌ಗಳನ್ನು ಮಾಡಿ ಬಾರ್‌ಗಳಿಗೆ ಬಾಡಿಗೆಗೆ ಬಿಟ್ಟರು, ಪೇಟೆಂಟ್ ಮಾತ್ರ ಮಾಡಿಸಲಿಲ್ಲ. ಆ ಸಂಜೆ ಬಂದವರಲ್ಲಿ ಒಬ್ಬರು ಹಾಡಿದ್ದು 'ಚೀಸಾನಾ ಕೋಯಿ ನೋ ಉತಾ', ಅಂದ್ರೆ ಸಣ್ಣದೊಂದು ಪ್ರೇಮಗೀತೆ. ಒಕಿನಾವಾದ ಮೂರು ಜನರ ಬ್ಯಾಂಡು ಮೊಂಗೋಲ್ 800, 2001ರಲ್ಲಿ ತಂದದ್ದು. ಅವರ ದನಿ ನನ್ನದಕ್ಕಿಂತ ಕಡೆ. ಆದರೂ ಹಾಡು ಕೆಡಲಿಲ್ಲ. ಸಾಲುಗಳು ಒಂದೇ ಸ್ವರದ ಮೇಲೆ ನಡೆದು ನಡೆದು ಸ್ವಲ್ಪ ಏರುತ್ತವೆ, ಏರೋ ಹೊತ್ತಿಗೆ ಉಳಿದವರು ದನಿಗೂಡಿಸೋಕೆ ಜಾಗ ಬಿಡುತ್ತವೆ. ಭಾಷೆ ಬಾರದ ನಾವೂ ಎರಡನೇ ಸಲಕ್ಕೆ ಕೂಡಿಕೊಂಡಿದ್ದೆವು.

ಅಲ್ಲಿ ಬೀಳ್ಕೊಡುಗೆಗೂ ಹಾಡುಗಳಿವೆ. 1991ರಲ್ಲಿ ಚಿಚಿಬು ಎಂಬ ಊರಿನ ಶಾಲೆಯ ಹೆಡ್‌ಮಾಸ್ತರ್ ನೊಬೊರು ಕೊಜಿಮಾ ಪದ ಬರೆದು, ಅಲ್ಲಿಯ ಸಂಗೀತ ಟೀಚರು ರಾಗ ಹಾಕಿ, ಹೊರಡುವ ಮಕ್ಕಳಿಗೆ ಮಾಸ್ತರರೆಲ್ಲ ಸೇರಿ ಹಾಡಿದ್ದು 'ತಾಬಿದಾಚಿ ನೋ ಹಿ ನಿ', ಹೊರಡುವ ದಿನದ ಹಾಡು. ಅದು ಶಾಲೆಯಿಂದ ಶಾಲೆಗೆ ಹಬ್ಬಿ ದೇಶಕ್ಕೆಲ್ಲ ಆಯಿತು. ಹಾಡು ಬಾರದ ಮಾಸ್ತರೂ ಹಾಡಬೇಕಿತ್ತು ಅಂದ ಮೇಲೆ ರಾಗ ಸರಳ ಇರಲೇಬೇಕಲ್ಲ.

ನಮ್ಮ ಬಿ.ಇ. ಸೆಂಡ್‌ಆಫ್‌ನಲ್ಲಿ ಹಾಡಿದ್ದು ಕೆಕೆಯ 'ಪಲ್'. ಹಿಂದಿ, 1999ರದು. ಹುಬ್ಬಳ್ಳಿ, ಬೀದರ, ತುಮಕೂರು ಎಲ್ಲ ಕಡೆ ಹುಡುಗರೂ ಇದ್ದ ಹಾಸ್ಟೆಲು, ಒಬ್ಬನಿಗೂ ಆ ರಾತ್ರಿಗೆ ಒಪ್ಪುವ ಕನ್ನಡ ಹಾಡು ಹೊಳೆಯಲಿಲ್ಲ. ನಮ್ಮ ಹರೆಯದ ಹಾಡೆಂದರೆ ಹೀರೊ ಬೈಕಿನಲ್ಲಿ ಬರೋದು, ಇಲ್ಲಾ ಹುಡುಗಿಯನ್ನು ಕಾಯೋದು, ಇಲ್ಲಾ ಬಾಟ್ಲಿ. ಆಮೇಲೆ ಬಂದ 'ಕಿರಿಕ್ ಪಾರ್ಟಿ' (2016) ಇಂಜಿನಿಯರಿಂಗ್ ಕಾಲೇಜಿನದೇ ಕಥೆ, ಅಜನೀಶ್ ಲೋಕನಾಥ್ ಹಾಡುಗಳು ನನಗೆ ಇಷ್ಟ. ಅದರಲ್ಲೂ ರೂಮೆಲ್ಲ ಕೇಳೋದು ವಿಜಯ್ ಪ್ರಕಾಶ್ ಹಾಡಿದ ಪ್ರೇಮದ ಹಾಡನ್ನೇ. 'ವಿಕ್ಟರಿ'ಯ (2013) ಬಾಟ್ಲಿ ಹಾಡು ಹಾಡೋಕೆ ಹಗುರ ಅಂತ ಒಪ್ಪಬೇಕು. ಯೋಗರಾಜ್ ಭಟ್ಟರು ಮಾತಾಡೋ ಹಾಗೇ ಬರೆದಿದ್ದಾರೆ. ಆದರೆ ಕುಡಿಯದವನು ಅದನ್ನ ಎಷ್ಟು ಸಲ ಹಾಡಿಯಾನು?

ಇನ್ನು ನಿಜವಾಗಿ ಎಲ್ಲರಿಗೂ ಬರುವ ಹರೆಯದ ಹಾಡು ಒಂದು ಐತಿ. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಹಾಡಿದ 'ನಾ ಡ್ರೈವರ'. ಸ್ವರ ಬೆರಳೆಣಿಕೆಯಷ್ಟು, ಉಸಿರು ಎಳೆಯೋದಿಲ್ಲ, ಒಂದು ಸಲ ಕೇಳಿದವನೂ ಹಾಡುತ್ತಾನೆ. ಡೊಳ್ಳಿನ ಪದದಲ್ಲಿ ಮುಂದಿನವ ಹೇಳಿದ್ದನ್ನ ಮ್ಯಾಳ ಎತ್ತಿಕೊಳ್ಳುತ್ತದಲ್ಲ, ಆ ಜಾಯಮಾನದ್ದು. ಬಿ.ಇ. ಓದದ, ಸ್ಟೇರಿಂಗ್ ಹಿಡಿದ ಹುಡುಗ ತನ್ನ ಕಸುಬಿನ ಹೆಸರು ಹೇಳಿಯೇ ಪ್ರೀತಿ ಮಾಡುತ್ತಾನೆ. ಸಿನಿಮಾದಲ್ಲಿ ನಾಯಕನಿಗೆ ಕಸುಬೇ ಇರೋದಿಲ್ಲ.

ನಮ್ಮ ರೂಮಿನಲ್ಲಿ ಅದು ಕಾಮಿಡಿ ಐಟಂ. 'ನಿಮ್ ಕಡೆ ಹಾಡು ಹಾಕೋ ಗುರೂ' ಅಂತಾರೆ, ನಾನು ಇಲ್ಲದ ರಾಗ ಎಳೆದು, ಇಲ್ಲದ ಗಡಸು ತಂದು ಹಾಡುತ್ತೇನೆ. ಎಲ್ಲರೂ ನಗುತ್ತಾರೆ. ಮೂರು ವರ್ಷ ಹೀಗೇ ನಡೆಯಿತು. ಹೋದ ಸಂಕ್ರಮಣಕ್ಕೆ ಸಿದ್ಧೇಶ್ವರ ಗುಡಿ ಜಾತ್ರೆಗೆ ಹೋದಾಗ ನಮ್ಮ ಕಾಕಾನ ಮಗ, ದ್ರಾಕ್ಷಿ ಲಾರಿ ಓಡಿಸುವವ, ಗೆಳೆಯರ ಹೆಗಲ ಮೇಲೆ ಕೈ ಹಾಕಿ ಇದೇ ಹಾಡು ಹಾಡುತ್ತಿದ್ದ. ಯಾರೂ ನಗಲಿಲ್ಲ. ನನ್ನ ನೋಡಿ 'ಯಣ್ಣಾ, ನೀನೂ ಕೂಡ್ಸೋ' ಅಂದ. ನನಗೆ ದನಿ ಹೊರಡಲಿಲ್ಲ.

ಆಮೇಲಿನ ಶುಕ್ರವಾರ ಪಟ್ಟಿ ಇಳಿಸಿ, ನೆಟ್ಟಗೆ ಹಾಡಿದೆ. ಮೊದಲೆರಡು ಸಾಲಿಗೆ ನಗು ಕಾಯುತ್ತಿತ್ತು, ಆಮೇಲೆ ಕೂಡಿಕೊಂಡರು. ಮುಗಿದ ಮೇಲೆ ಬಬಲೇಶ್ವರದ ಹುಡುಗಿಯೊಬ್ಬಳು, ಟೆಸ್ಟಿಂಗ್ ಟೀಮಿನವಳು, ಕೇಳಿದಳು: 'ಅಣ್ಣಾ, ನಿಮಗರೆ ಡ್ರೈವರ್ ಅದಾನ. ನಮಗ್ಯಾವುದು ಐತಿ?'

ಲಿಸ್ಟ್ ಕೆಳಗೆ ಕೆಳಗೆ ಎಳೆದೆ. ಎಸ್. ಜಾನಕಿಯವರ ಹಾಡುಗಳಿದ್ದವು, ಆ ಎತ್ತರಕ್ಕೆ ಅವರೇ ಬೇಕು. ಉಳಿದವುಗಳಲ್ಲಿ ನಾಯಕಿ ಒಂದೋ ಕಾಯುತ್ತಿದ್ದಳು, ಇಲ್ಲಾ ಯುಗಳ ಗೀತೆಯಲ್ಲಿ ಅರ್ಧ ಸಾಲಿಗೆ ಬಂದು ಹೋಗುತ್ತಿದ್ದಳು. ನಾನು ಹುಡುಕುತ್ತಲೇ ಇದ್ದೆ. ಅವಳು ಮೈಕ್ ಟೇಬಲ್ ಮೇಲಿಟ್ಟು, ತಮ್ಮ ಅಮ್ಮನಿಂದ ಕಲಿತ ಬೀಸುಕಲ್ಲಿನ ಪದ ಎತ್ತಿದಳು. ಅದಕ್ಕೆ ಟ್ರ್ಯಾಕ್ ಇರಲಿಲ್ಲ, ಎಕೋ ಇರಲಿಲ್ಲ. ಎರಡನೇ ನುಡಿಗೆ ನಾವೆಲ್ಲ ಕೊನೆಯ ಸೊಲ್ಲು ಎತ್ತಿಕೊಂಡೆವು. ಸ್ಕ್ರೀನ್ ಮೇಲೆ 'ಮುಂದಿನ ಹಾಡು ಆರಿಸಿ' ಅಂತ ಮಿನುಗುತ್ತಲೇ ಇತ್ತು.